ಇಂಜಿನ್ ಲೈಟ್ ಬಂತು ಅಂದ್ರೆ ಎಫ್‌ಐಆರ್ ಆಯ್ತು ಅಂತ, ಅಷ್ಟೇ

(ಶಿವಮೊಗ್ಗದಲ್ಲಿ ಒಂದು ಭಾನುವಾರ ಬೆಳಿಗ್ಗೆ ಟ್ಯಾಕ್ಸಿ ಓಡಿಸೋರು, ಸ್ವಂತ ಕಾರಿರೋರು, ಐಟಿಐ ಹುಡುಗರು ಎಲ್ಲ ಸೇರಿದ್ದ ಕಡೆ ಮಾತಾಡಿದ್ದು. ಫೋನಲ್ಲಿ ರೆಕಾರ್ಡ್ ಆಗಿದ್ದನ್ನ ಕೇಳ್ಕೊಂಡು ಬರೆದಿದೀನಿ, ನಾನು ತೊದಲಿದ್ದನ್ನ ಮಾತ್ರ ಬಿಟ್ಟಿದೀನಿ.)

ಎಲ್ರಿಗೂ ನಮಸ್ಕಾರ. ಮೈಕಲ್ಲಿ ಮಾತಾಡಿ ಅಭ್ಯಾಸ ಇಲ್ಲ ನಂಗೆ, ಗ್ಯಾರೇಜಲ್ಲಿ ಇಂಜಿನ್ ಸೌಂಡಿನ ಮೇಲೆ ಕೂಗಿ ಕೂಗಿ ಗಂಟಲು ಹಂಗೇ ಆಗಿದೆ, ಅದಕ್ಕೆ ಮೈಕ್ ಸ್ವಲ್ಪ ದೂರನೇ ಇಟ್ಕೋತೀನಿ. ಮೊದಲು ಒಂದು ಪ್ರಶ್ನೆ. ಈಗ ಹೊರಗೆ ನಿಲ್ಲಿಸಿ ಬಂದಿರೋ ಗಾಡಿಯಲ್ಲಿ ಇಂಜಿನ್ ಲೈಟ್ ಉರೀತಿರೋರು ಕೈ ಎತ್ತಿ. ಒಂದು, ಎರಡು, ಮೂರು... ಹಿಂದೆ ಇನ್ನೊಬ್ರು ಎತ್ತೋದೋ ಬೇಡ್ವೋ ಅಂತ ಅರ್ಧ ಎತ್ತಿದಾರೆ. ನಾಚಿಕೆ ಏನಿಲ್ಲ ಬಿಡಿ, ಆರು ತಿಂಗಳಿಂದ ಉರೀತಿರೋ ಗಾಡಿನೂ ನಮ್ಮ ಹತ್ರ ಬರುತ್ತೆ. ಒಬ್ರು ಅದು ಕಣ್ಣಿಗೆ ಚುಚ್ಚುತ್ತೆ ಅಂತ ಆ ಲೈಟಿನ ಮೇಲೆ ಸರಿಯಾಗಿ ಒಂದು ಗಣಪತಿ ಸ್ಟಿಕ್ಕರ್ ಅಂಟಿಸಿದ್ರು. ವಿಘ್ನ ನಿವಾರಣೆ ಅಂದ್ರೆ ಹಿಂಗಾ ಅಂತ ಕೇಳಿದ್ದಕ್ಕೆ ನಕ್ಕುಬಿಟ್ರು.

ಲೈಟಲ್ಲೂ ಬಣ್ಣ ನೋಡ್ಬೇಕು. ಕೆಂಪು ಎಣ್ಣೆ ಡಬ್ಬಿ ತರ ಇರೋದು ಬಂದ್ರೆ ಆಯಿಲ್ ಪ್ರೆಶರ್ ಇಲ್ಲ ಅಂತ, ಕೆಂಪು ಥರ್ಮಾಮೀಟರ್ ಬಂದ್ರೆ ಇಂಜಿನ್ ಕಾದಿದೆ ಅಂತ, ಅದೆರಡರಲ್ಲಿ ಯಾವುದು ಬಂದ್ರೂ ಪಕ್ಕಕ್ಕೆ ಹಾಕಿ ಆಫ್ ಮಾಡಿ, ಇನ್ನೊಂದು ಕಿಲೋಮೀಟರ್ ಅಷ್ಟೇ ಮನೆ ಬಂತು ಅನ್ನೋ ಲೆಕ್ಕ ಬೇಡ, ಆ ಒಂದು ಕಿಲೋಮೀಟರಲ್ಲೇ ಬೇರಿಂಗ್ ಹಿಡಿಯುತ್ತೆ. ನಾನು ಇವತ್ತು ಹೇಳೋದು ಅರಿಶಿನ ಬಣ್ಣದ್ದು, ಇಂಜಿನ್ ಚಿತ್ರ ಇರುತ್ತಲ್ಲ ಅದು. ಅದು ಸುಮ್ನೆ ಉರೀತಿದ್ರೆ, ಗಾಡಿ ಓಟದಲ್ಲಿ ಏನೂ ವ್ಯತ್ಯಾಸ ಇಲ್ದಿದ್ರೆ, ನಿಧಾನಕ್ಕೆ ಓಡಿಸ್ಕೊಂಡು ಬನ್ನಿ, ಆ ವಾರದೊಳಗೆ ತೋರಿಸಿ. ಮಿಣಮಿಣ ಅಂತ ಬ್ಲಿಂಕ್ ಆಗ್ತಿದ್ರೆ ಮಾತ್ರ ಆ ಮಾತಿಲ್ಲ. ಬ್ಲಿಂಕ್ ಅಂದ್ರೆ ಇಂಜಿನ್ ಜೋರಾಗಿ ಮಿಸ್ಸಿಂಗ್ ಹೊಡೀತಿದೆ, ಒಂದು ಸಿಲಿಂಡರಲ್ಲಿ ಉರೀಬೇಕಾದ ಪೆಟ್ರೋಲ್ ಉರೀದೆ ಹಸಿಯಾಗಿ ಸೈಲೆನ್ಸರ್ ಕಡೆ ಹೋಗ್ತಿದೆ ಅಂತ. ಅಲ್ಲಿ ಕ್ಯಾಟ್‌ಕಾನ್ ಅಂತ ಹೊಗೆ ಶುದ್ಧ ಮಾಡೋ ಒಂದು ಡಬ್ಬಿ ಇದೆ, ಒಳಗೆ ಜೇನುಗೂಡಿನ ತರ ಸೆರಾಮಿಕ್ಕು, ಅದರ ಮೇಲೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಸವರಿರ್ತಾರೆ. ಹಸಿ ಪೆಟ್ರೋಲ್ ಹೋಗಿ ಅದರೊಳಗೆ ಉರಿಯುತ್ತೆ, ಜೇನುಗೂಡು ಕರಗುತ್ತೆ. ಕಿಡಿ ಹಾರ್ಸೋ ಪ್ಲಗ್ಗಿಗೋ ಅದಕ್ಕೆ ಕರೆಂಟ್ ಕೊಡೋ ಕಾಯಿಲಿಗೋ ಹೋಗೋ ದುಡ್ಡಲ್ಲಿ ಮುಗೀತಿದ್ದದ್ದು ಬಂಗಾರದಂಗಡಿ ಲೆಕ್ಕಕ್ಕೆ ಹೋಗುತ್ತೆ.

ಈ ಲೈಟ್ ಹುಟ್ಟಿದ್ದು ನಿಮ್ಮ ಇಂಜಿನ್ ಕಾಪಾಡೋಕೆ ಅಂದ್ಕೊಂಡಿದ್ರೆ ಅದು ಪೂರ್ತಿ ಸರಿ ಇಲ್ಲ. ಇದರ ಮೂಲ ಅಮೆರಿಕದ ಲಾಸ್ ಏಂಜಲೀಸ್. ಅಲ್ಲಿ ಆಕಾಶ ಎಲ್ಲ ಹೊಗೆ ಮುಸುಕಿ ಜನ ಕಣ್ಣುಜ್ಜಿಕೊಂಡು ಓಡಾಡೋ ಕಾಲದಲ್ಲಿ, 1950ರ ಸುಮಾರಿಗೆ, ಹ್ಯಾಗನ್-ಸ್ಮಿಟ್ ಅಂತ ಒಬ್ರು ಕೆಮಿಸ್ಟ್ರಿ ಪ್ರೊಫೆಸರು ಈ ಹೊಗೆಗೆ ಬಿಸಿಲೂ ಕಾರಿನ ಹೊಗೆನೂ ಸೇರೋದೇ ಕಾರಣ ಅಂತ ತೋರಿಸಿಕೊಟ್ರು. ಆಮೇಲೆ ಕ್ಯಾಲಿಫೋರ್ನಿಯಾದವರು ಗಾಳಿಗೆ ಅಂತಲೇ ಒಂದು ಬೋರ್ಡ್ ಮಾಡಿದ್ರು, ಅದಕ್ಕೆ ಇವರೇ ಅಧ್ಯಕ್ಷರೂ ಆದ್ರು. ಆ ಬೋರ್ಡ್ ಮುಂದೆ ಹೇಳಿದ್ದು ಏನಂದ್ರೆ ಹೊಸ ಗಾಡಿ ಹೊಗೆ ಟೆಸ್ಟ್ ಪಾಸಾದ್ರೆ ಸಾಲದು, ರೋಡಿಗೆ ಬಂದಮೇಲೆ ಕೆಟ್ರೆ ಗಾಡಿನೇ ಡ್ರೈವರಿಗೆ ಹೇಳ್ಬೇಕು ಅಂತ. 1988ರ ಮಾಡೆಲ್‌ಗಳಿಂದ ಮೊದಲನೇ ಓಬಿಡಿ, ಅಂದ್ರೆ ಗಾಡಿ ತನ್ನ ದೋಷ ತಾನೇ ಕಂಡುಹಿಡಿಯೋ ವ್ಯವಸ್ಥೆ ಬಂತು, 1996ರಿಂದ ಅಮೆರಿಕದ ಎಲ್ಲ ಕಾರಿಗೂ ಓಬಿಡಿ 2, ಒಂದೇ ತರದ 16 ಪಿನ್ ಸಾಕೆಟ್ಟು, ಒಂದೇ ತರದ ಕೋಡು. ನಮ್ಮಲ್ಲಿ ಬಿಎಸ್ 4 ಅನ್ನೋ ಹೊಗೆ ನಿಯಮದ ಗಾಡಿಗಳಿಗೆ 2010ರಲ್ಲಿ ಓಬಿಡಿ ಮೊದಲನೇ ಹಂತ, 2013ರಲ್ಲಿ ಎರಡನೇದು. 2020ರಲ್ಲಿ ಬಿಎಸ್ 6 ಬಂದಮೇಲಂತೂ ಗಾಡಿ ಕಿವಿ ಇನ್ನೂ ಸೂಕ್ಷ್ಮ ಆಗಿದೆ, ಸಣ್ಣ ವಿಷಯಕ್ಕೂ ಲೈಟ್ ಹಾಕುತ್ತೆ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಆ ಲೈಟ್ ಕೇಳೋ ಮುಖ್ಯ ಪ್ರಶ್ನೆ "ಹೊಗೆ ಹೆಚ್ಚಾಗುತ್ತಾ" ಅನ್ನೋದು. ಬ್ರೇಕ್ ಪ್ಯಾಡ್ ಸವೆದು ಕಬ್ಬಿಣ ಉಜ್ತಿದ್ರೂ ಅದು ಕಮಕ್ ಕಿಮಕ್ ಅನ್ನಲ್ಲ, ಟೈಮಿಂಗ್ ಬೆಲ್ಟ್ ನಾಳೆ ಕಿತ್ತೋಗೋ ಹಂಗಿದ್ರೂ ಅದಕ್ಕೆ ಗೊತ್ತಿಲ್ಲ.

ಈಗ ಕೋಡಿಗೆ ಬರೋಣ. ಆ ಸಾಕೆಟ್ಟಿಗೆ ಕೋಡ್ ಓದೋ ಸ್ಕ್ಯಾನರ್ ಹಾಕ್ದಾಗ ಪಿ0301, ಪಿ0171 ಅಂತೆಲ್ಲ ಬರುತ್ತಲ್ಲ, ಐಟಿಐ ಹುಡುಗರು ಬರ್ಕೊಳ್ಳಿ. ಮೊದಲಕ್ಷರ ಪಿ ಅಂದ್ರೆ ಇಂಜಿನ್ನು ಗೇರ್‌ಬಾಕ್ಸು, ಬಿ ಅಂದ್ರೆ ಬಾಡಿ, ಸಿ ಅಂದ್ರೆ ಚಾಸಿಸ್ಸು, ಯು ಅಂದ್ರೆ ಗಾಡಿಯೊಳಗಿನ ಕಂಪ್ಯೂಟರ್ ಕಂಪ್ಯೂಟರ್ ನಡುವೆ ಮಾತುಕತೆ ನಿಂತಿದೆ ಅಂತ. ಆಮೇಲಿನ ಅಂಕಿ 0 ಇದ್ರೆ ಎಲ್ಲ ಕಂಪನಿಗೂ ಒಂದೇ ಅರ್ಥ, 1 ಇದ್ರೆ ಆ ಕಂಪನಿಯವರದ್ದೇ ಭಾಷೆ, ಅವರ ಪುಸ್ತಕನೇ ನೋಡ್ಬೇಕು. ಮೂರನೇದು 1 ಅಥವಾ 2 ಇದ್ರೆ ಗಾಳಿ ಪೆಟ್ರೋಲ್ ಅಳತೆ, 3 ಇದ್ರೆ ಕಿಡಿ ಮತ್ತೆ ಮಿಸ್ಸಿಂಗ್, 4 ಹೊಗೆ ಶುದ್ಧ ಮಾಡೋ ಸಾಮಾನು, 7 ಇದ್ರೆ ಗೇರ್‌ಬಾಕ್ಸ್. ಇಷ್ಟು ಗೊತ್ತಿದ್ರೆ ಬಾಯಿಪಾಠ ಬೇಡ.

ಕೋಡ್ ಬಂತು ಅಂದ್ರೆ ಏನಾಯ್ತು? ಪೊಲೀಸ್ ಸ್ಟೇಷನಲ್ಲಿ ಒಂದು ಎಫ್‌ಐಆರ್ ಆಯ್ತು, ಅಷ್ಟೇ. ಯಾರೋ ಒಬ್ರು ಬಂದು ದೂರು ಕೊಟ್ರು, ರೈಟರ್ ಬರ್ಕೊಂಡ. ಎಫ್‌ಐಆರಲ್ಲಿ ಹೆಸರಿರೋರೆಲ್ಲ ಕಳ್ಳರಾ? ದೂರು ಕೊಟ್ಟವನ ಹೆಸರೂ ಅದರಲ್ಲೇ ಇರುತ್ತೆ ತಾನೆ. ನಮ್ಮ ಲೈನಲ್ಲಿ ದಿನಾ ನಡೆಯೋದು ಅದೇ, ಆಕ್ಸಿಜನ್ ಸೆನ್ಸರ್ ಬಂದು "ಸ್ವಾಮಿ ಹೊಗೆಯಲ್ಲಿ ಗಾಳಿ ಜಾಸ್ತಿ ಇದೆ" ಅಂತ ದೂರು ಕೊಡುತ್ತೆ, ನಾವು ಆ ಸೆನ್ಸರನ್ನೇ ಹಿಡಿದು ಹೊರಗೆ ಹಾಕಿ ಹೊಸದು ಕೂರಿಸ್ತೀವಿ. ಹೊಸದು ಎರಡು ದಿನ ಸುಮ್ನಿದ್ದು ಅದೂ ಅದೇ ದೂರು ಕೊಡುತ್ತೆ.

ನಗಬೇಡಿ, ನಾನೂ ಮಾಡಿದೀನಿ. ಅದನ್ನೇ ವಿವರವಾಗಿ ಹೇಳ್ತೀನಿ ಇವತ್ತು, ಯಾಕಂದ್ರೆ ನಾನು ಕಲಿತದ್ದು ಅಲ್ಲಿಂದನೇ.

ಒಬ್ರು ಮೇಷ್ಟ್ರು, ರಿಟೈರ್ಡು, ತೀರ್ಥಹಳ್ಳಿ ಕಡೆಯವರು, ಪೆಟ್ರೋಲ್ ಸೆಡಾನ್ ತಗೊಂಡು ಬಂದ್ರು. ಕೋಡು ಪಿ0171. ಅಂದ್ರೆ ಮಿಕ್ಸ್ಚರ್ ತೆಳು, ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ. ಬೇರೆ ಕಡೆ ಆಗಲೇ ಆಕ್ಸಿಜನ್ ಸೆನ್ಸರ್ ಬದಲಾಯಿಸಿ ಆಗಿತ್ತು. ನಾನು ಆ ಗ್ಯಾರೇಜಿನವರಿಗೆ ಮನಸಲ್ಲೇ ಬೈದು ಸ್ಕ್ಯಾನರಲ್ಲಿ ಲೈವ್ ಡೇಟಾ, ಅಂದ್ರೆ ಸೆನ್ಸರುಗಳು ಆ ಕ್ಷಣಕ್ಕೆ ಹೇಳ್ತಿರೋ ಅಂಕಿ ತೆಗೆದೆ.

ಇಲ್ಲಿ ಫ್ಯೂಯಲ್ ಟ್ರಿಮ್ ಅಂದ್ರೇನು ಅಂತ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಮುಂದಿನದು ತಲೆ ಮೇಲೆ ಹೋಗುತ್ತೆ. ಸಾರು ಮಾಡೋರು ಅಂದಾಜಿಗೆ ಉಪ್ಪು ಹಾಕಿ ಒಂದು ಹನಿ ನಾಲಿಗೆಗೆ ಇಟ್ಕೊಂಡು ನೋಡ್ತಾರಲ್ಲ, ಹಂಗೇ ಕಂಪ್ಯೂಟರು ಬರೋ ಗಾಳಿ ಅಳೆದು ಅಂದಾಜಿಗೆ ಪೆಟ್ರೋಲ್ ಬಿಡುತ್ತೆ, ಬರೀ ಪೆಟ್ರೋಲಿಗೆ ಲೆಕ್ಕ 14.7 ಗ್ರಾಂ ಗಾಳಿಗೆ ಒಂದು ಗ್ರಾಂ. ಆಮೇಲೆ ಆಕ್ಸಿಜನ್ ಸೆನ್ಸರ್ ಅನ್ನೋ ನಾಲಿಗೆ ರುಚಿ ನೋಡಿ ಸಪ್ಪೆ ಅಂದ್ರೆ ಇನ್ನೊಂಚೂರು ಹಾಕುತ್ತೆ. ಆ ಕ್ಷಣಕ್ಕೆ ಹಾಕೋ ಇನ್ನೊಂಚೂರು ಶಾರ್ಟ್ ಟರ್ಮ್ ಟ್ರಿಮ್ಮು. ದಿನಾ ಸಪ್ಪೆನೇ ಆಗ್ತಿದ್ರೆ ಮನೆಯವರು ಮೊದಲೇ ಅರ್ಧ ಚಮಚ ಜಾಸ್ತಿ ಹಾಕೋಕೆ ಶುರು ಮಾಡ್ತಾರೆ ನೋಡಿ, ಅದು ಲಾಂಗ್ ಟರ್ಮು. ಎರಡೂ ಕೂಡಿಸಿ ಹತ್ತು ಪರ್ಸೆಂಟ್ ಒಳಗಿದ್ರೆ ಚಿಂತೆ ಇಲ್ಲ. ಇಪ್ಪತ್ತು ಇಪ್ಪತ್ತೈದು ದಾಟಿದ್ರೆ ಕಂಪ್ಯೂಟರು "ನಂಗೆ ಇನ್ನು ಸರಿಮಾಡೋಕೆ ಆಗಲ್ಲ" ಅಂತ ಕೈ ಚೆಲ್ಲಿ ಲೈಟ್ ಹಾಕುತ್ತೆ. ಅಂದ್ರೆ ಲೈಟ್ ಬರೋಕೆ ಎಷ್ಟೋ ದಿನ ಮುಂಚೆಯಿಂದಲೇ ಅದು ಒಳಗೊಳಗೇ ಸಂಭಾಳಿಸ್ತಾ ಇರುತ್ತೆ, ಮನೆಯಲ್ಲಿ ಅಮ್ಮಂದಿರ ತರ.

ಮೇಷ್ಟ್ರ ಗಾಡಿಯಲ್ಲಿ ಐಡ್ಲಿಂಗಲ್ಲಿ, ಅಂದ್ರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡ್ತಿರೋವಾಗ, ಟ್ರಿಮ್ಮು ಮೂರು ನಾಲ್ಕು, ಫಸ್ಟ್ ಕ್ಲಾಸ್. ನಿಂತಲ್ಲೇ ರೇಸ್ ಮಾಡಿದ್ರೂ ಪರವಾಗಿಲ್ಲ. ರೋಡಿಗೆ ತಗೊಂಡು ಹೋಗಿ ಎಳೆಸಿದ್ರೆ ಸೀದಾ ಇಪ್ಪತ್ತೆರಡು. ಪುಸ್ತಕದ ಪ್ರಕಾರ ಹೇಳೋದಾದ್ರೆ ಐಡ್ಲಿಂಗಲ್ಲಿ ಜಾಸ್ತಿ ಇದ್ದು ರೇಸಲ್ಲಿ ಕಮ್ಮಿ ಆದ್ರೆ ಎಲ್ಲೋ ಗಾಳಿ ಲೀಕು, ಲೋಡಲ್ಲಿ ಏರಿದ್ರೆ ಪೆಟ್ರೋಲ್ ಸಾಕಾಗ್ತಿಲ್ಲ. ಸರಿ ಪಂಪೇ ವೀಕು ಅಂತ ತೀರ್ಮಾನ ಮಾಡ್ದೆ. ಪ್ರೆಶರ್ ಗೇಜ್ ಗೋಡೆ ಮೇಲೆ ನೇತಾಡ್ತಿತ್ತು ಮಾರಾಯ್ರೆ, ಕೈ ಚಾಚಿದ್ರೆ ಸಿಗೋದು, ಹಾಕಿ ನೋಡ್ಲಿಲ್ಲ. ಬೇರೆಯವರಿಗೆ ಬೈದ ಜಂಬ ಇತ್ತಲ್ಲ. ಪಂಪ್ ಬದಲಾಯಿಸ್ದೆ, ಕೋಡ್ ಅಳಿಸ್ದೆ, ಬಿಲ್ ಕೊಟ್ಟೆ. ಮೂರನೇ ದಿನ ಮೇಷ್ಟ್ರು ವಾಪಸ್ಸು. ಕೂಗಾಡಿದ್ರೆ ಚೆನ್ನಾಗಿತ್ತು, ಅವರು ಸ್ಟೂಲ್ ಮೇಲೆ ಕೂತು ಟೀ ಕುಡೀತಾ ನಿಧಾನಕ್ಕೆ "ಅಲ್ಲಪ್ಪಾ, ಹಿಂಗೇ ಒಂದೊಂದೇ ಬದಲಾಯಿಸ್ತಾ ಹೋದ್ರೆ ಕೊನೆಗೆ ಹೊಸ ಕಾರೇ ಆಗುತ್ತಲ್ಲ, ಮೊದಲೇ ಅದನ್ನೇ ತಗೋಬಹುದಿತ್ತು" ಅಂದ್ರು.

ಆವಾಗ ಗೇಜ್ ಹಾಕ್ದೆ. ಪ್ರೆಶರ್ ಸರಿ ಇದೆ. ಹಳೇ ಪಂಪು ಮೂಲೆಯಲ್ಲಿ ಬಿದ್ದಿತ್ತು, ಅದನ್ನೂ ಮತ್ತೆ ಕೂರಿಸಿ ನೋಡ್ದೆ, ಅದರಲ್ಲೂ ಸರಿ ಇದೆ. ಅಂದ್ರೆ ಪಂಪ್ ತಪ್ಪೇ ಮಾಡಿಲ್ಲ. ಗಾಳಿ ಅಳೆಯೋ ಏರ್ ಫ್ಲೋ ಸೆನ್ಸರ್ ತೆಗೆದು ಅದರ ಸ್ಪ್ರೇ ಹೊಡೆದು ಕ್ಲೀನ್ ಮಾಡ್ದೆ, ಬದಲಾಗಲಿಲ್ಲ. ಪೈಪುಗಳ ಮೇಲೆಲ್ಲ ಕೈಯಾಡಿಸ್ದೆ, ಲೀಕ್ ಸಿಗಲಿಲ್ಲ. ಸಂಜೆ ಆಗಿತ್ತು. ಕೊನೆಗೆ ನಮ್ಮ ಹುಡುಗನಿಗೆ ಹೇಳ್ದೆ, ನೀನು ಒಳಗೆ ಕೂತು ಹ್ಯಾಂಡ್‌ಬ್ರೇಕ್ ಎಳೆದು ಬ್ರೇಕೂ ಒತ್ತಿ ಫಸ್ಟ್ ಗೇರ್ ಹಾಕಿ ಹಾಫ್ ಕ್ಲಚ್ಚಲ್ಲಿ ಸ್ವಲ್ಪ ಎಳೆಸು, ನಾನು ಬಾನೆಟ್ ಪಕ್ಕ ನಿಂತು ನೋಡ್ತೀನಿ ಅಂತ. (ಇದನ್ನ ಮನೆಯಲ್ಲಿ ಮಾಡಬೇಡಿ, ಮುಂದೆ ನಿಲ್ಲೋದಂತೂ ಬೇಡವೇ ಬೇಡ, ಪಕ್ಕದಲ್ಲಿ ನಿಲ್ಲಬೇಕು.) ಅವನು ಎಳೆಸಿದ ತಕ್ಷಣ ಇಡೀ ಇಂಜಿನ್ ಹಿಂದಕ್ಕೆ ವಾಲ್ತು, "ಸುಯ್" ಅಂತ ಒಂದು ಶಬ್ದ. ಏರ್ ಫಿಲ್ಟರ್ ಡಬ್ಬಿಯಿಂದ ಥ್ರಾಟಲ್ ಬಾಡಿಗೆ ಹೋಗೋ ರಬ್ಬರ್ ಬೆಲ್ಲೋ ಪೈಪ್ ಇರುತ್ತೆ, ಅಕಾರ್ಡಿಯನ್ ತರ ಮಡಿಕೆ ಮಡಿಕೆ. ಒಂದು ಮಡಿಕೆಯ ತಳದಲ್ಲಿ ಸೀಳು. ಇಂಜಿನ್ ಸುಮ್ನಿದ್ದಾಗ ಮುಚ್ಕೊಂಡಿರುತ್ತೆ, ವಾಲಿದ್ರೆ ಬಾಯಿ ಬಿಡುತ್ತೆ. ಗಾಳಿ ಅಳೆಯೋ ಸೆನ್ಸರ್ ದಾಟಿದಮೇಲಿನ ಜಾಗ ಅದು, ಅಲ್ಲಿಂದ ನುಗ್ಗೋ ಗಾಳಿ ಲೆಕ್ಕಕ್ಕೇ ಸಿಗಲ್ಲ, ಟಿಕೆಟ್ ತಗೊಳ್ದೆ ಹಿಂದಿನ ಬಾಗಿಲಲ್ಲಿ ಹತ್ತಿದ ಹಂಗೆ. ಇಂಜಿನ್ ಯಾಕೆ ಅಷ್ಟು ವಾಲ್ತು ಅಂತ ನೋಡಿದ್ರೆ ಕೆಳಗಿನ ಮೌಂಟಿಂಗ್ ರಬ್ಬರ್ ಹರಿದು ಎರಡು ತುಂಡು.

ಈಗ ಸಾಲಾಗಿ ನೋಡಿ. ಮೌಂಟಿಂಗ್ ಹರೀತು, ಇಂಜಿನ್ ಕುಣೀತು, ಬೆಲ್ಲೋ ಸೀಳ್ತು, ಗಾಳಿ ನುಗ್ತು, ಮಿಕ್ಸ್ಚರ್ ತೆಳು ಆಯ್ತು, ಸೆನ್ಸರ್ ದೂರು ಕೊಡ್ತು, ಲೈಟ್ ಬಂತು. ಕೋಡಲ್ಲಿ ಬರೆದಿದ್ದು ಇದರಲ್ಲಿ ಒಂದೇ ಒಂದು ಕೊಂಡಿ. ಮೌಂಟಿಂಗ್ ಹರೀತು ಅಂತ ಹೇಳೋ ಕೋಡು ಯಾವ ಸ್ಕ್ಯಾನರಲ್ಲೂ ಇಲ್ಲ. ಬರೀ ಬೆಲ್ಲೋ ಹಾಕಿ ಕಳಿಸಿದ್ರೂ ಇನ್ನಾರು ತಿಂಗಳಿಗೆ ಹೊಸದೂ ಸೀಳ್ತಿತ್ತು. ಪಂಪಿನ ದುಡ್ಡು ಮೇಷ್ಟ್ರಿಗೆ ವಾಪಸ್ ಕೊಟ್ಟೆ, ಅವರು ಹಣ ಎಣಿಸಿ ಇಟ್ಕೊಂಡ್ರು, ಬೇಡ ಅಂತೇನೂ ಅನ್ನಲಿಲ್ಲ, ಅದೂ ಸರಿನೇ. ಒಂದು ಮಾತು, ಈ ಟ್ರಿಮ್ ಲೆಕ್ಕ ಏರ್ ಫ್ಲೋ ಸೆನ್ಸರ್ ಇರೋ ಗಾಡಿಗೆ. ನಮ್ಮಲ್ಲಿ ಸಣ್ಣ ಪೆಟ್ರೋಲ್ ಗಾಡಿ ಬಹಳಷ್ಟರಲ್ಲಿ ಮ್ಯಾಪ್ ಸೆನ್ಸರ್ ಇರುತ್ತೆ, ಅದು ಇಂಟೇಕ್ ಒಳಗಿನ ಒತ್ತಡ ನೋಡೋದ್ರಿಂದ ಅಲ್ಲಿ ಲೀಕಾದ್ರೆ ಐಡ್ಲಿಂಗ್ ಮೇಲೇರೋದೇ ಮೊದಲು ಕಾಣೋದು. ಪುಸ್ತಕದ ಒಂದು ಸಾಲು ಎಲ್ಲ ಗಾಡಿಗೂ ಹೊಂದಲ್ಲ.

ಎರಡನೇ ಕತೆ ಚಿಕ್ಕದು. ಟ್ಯಾಕ್ಸಿ ಗಾಡಿ, ಉಡುಪಿ ಶಿವಮೊಗ್ಗ ಓಡೋದು. ಕೋಡು ಪಿ0303, ಮೂರನೇ ಸಿಲಿಂಡರ್ ಮಿಸ್ಸಿಂಗ್. ಗ್ಯಾರೇಜಲ್ಲಿ ಗಂಟೆಗಟ್ಟಲೆ ಸ್ಟಾರ್ಟ್ ಇಟ್ರೂ ಬೆಣ್ಣೆ ತರ ಓಡುತ್ತೆ. ಎರಡು ಕಡೆ "ಏನಿಲ್ಲ ಹೋಗಿ" ಅಂತ ಕೋಡ್ ಅಳಿಸಿ ಕಳಿಸಿದ್ರಂತೆ. ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಅಂತ ಇರುತ್ತೆ, ತಪ್ಪಾದ ಆ ಗಳಿಗೆಯ ಫೋಟೋ ತರ, ಸ್ಪೀಡ್ ಎಷ್ಟಿತ್ತು, ಇಂಜಿನ್ ಎಷ್ಟು ಸುತ್ತುತ್ತಿತ್ತು, ಬಿಸಿ ಎಷ್ಟು, ಲೋಡ್ ಎಷ್ಟು. ಕೋಡ್ ಅಳಿಸಿದ್ರೆ ಅದೂ ಹೋಗುತ್ತೆ, ಕಳ್ಳತನ ಆದ ಮನೆಯನ್ನ ಪೊಲೀಸ್ ಬರೋಕೆ ಮುಂಚೆ ಗುಡಿಸಿ ಒರೆಸಿದ ಹಾಗೆ. ಡ್ರೈವರ್ ಅಣ್ಣನಿಗೆ ಹೇಳ್ದೆ, ಈ ಸಲ ಲೈಟ್ ಬಂದ್ರೆ ಯಾರ ಕೈಲೂ ಅಳಿಸಬೇಡ, ಸೀದಾ ಬಾ ಅಂತ. ಬಂದ. ಫ್ರೇಮಲ್ಲಿ ಸ್ಪೀಡ್ 24, ಲೋಡು ತೊಂಬತ್ತರ ಮೇಲೆ, ಇಂಜಿನ್ ಪೂರ್ತಿ ಬಿಸಿ. 24ರ ಸ್ಪೀಡಲ್ಲಿ ಅಷ್ಟು ಲೋಡು ಎಲ್ಲಿ ಬರುತ್ತೆ? "ಸೋಮೇಶ್ವರದಿಂದ ಮೇಲೆ ಹತ್ತುವಾಗಲಾ?" ಅಂದೆ. "ಹೌದಣ್ಣ, ಆಗುಂಬೆ ಘಾಟಿಲಿ, ಏಳೋ ಎಂಟನೇ ತಿರುವಲ್ಲಿ" ಅಂದ. ಹದಿನಾಲ್ಕು ಹೇರ್‌ಪಿನ್ ಇರೋ ಘಾಟಿ, ಗಾಡಿ ತುಂಬ ಜನ, ಎಸಿ ಆನ್. ಲೋಡ್ ಜಾಸ್ತಿ ಆದಷ್ಟೂ ಸಿಲಿಂಡರ್ ಒಳಗೆ ಒತ್ತಡ ಜಾಸ್ತಿ, ಆ ಒತ್ತಡದಲ್ಲಿ ಕಿಡಿ ಹಾರ್ಸೋಕೆ ಕಾಯಿಲು ಇನ್ನೂ ಹೆಚ್ಚು ವೋಲ್ಟೇಜ್ ಕೊಡಬೇಕು. ಇನ್ಸುಲೇಷನ್ ಸವೆದ ಕಾಯಿಲು ಸಪಾಟು ರೋಡಲ್ಲಿ ಒಳ್ಳೇ ಹುಡುಗ, ಘಾಟಿ ಬಂದ್ರೆ ಕೈ ಕೊಡ್ತಾನೆ.

ಆದ್ರೂ ಕಾಯಿಲೇ ಅಂತ ಊಹೆ ಮೇಲೆ ಹೊಸದು ಹಾಕ್ಲಿಲ್ಲ, ಬುದ್ಧಿ ಬಂದಿತ್ತಲ್ಲ. ಮೂರನೇ ಸಿಲಿಂಡರಿನ ಕಾಯಿಲ್ ತೆಗೆದು ಎರಡನೇದಕ್ಕೆ ಹಾಕ್ದೆ, ಎರಡನೇದು ಮೂರಕ್ಕೆ. ಪ್ಲಗ್ ಮುಟ್ಲಿಲ್ಲ. ಕಾಸು ಖರ್ಚಿಲ್ಲದ ಟೆಸ್ಟು. ಹೋಗಿ ಘಾಟಿ ಹತ್ಕೊಂಡು ಬಾ ಅಂದೆ. ಮಾರನೇ ದಿನ ಪಿ0302. ಕಾಯಿಲ್ ಜೊತೆಗೆ ಕೋಡೂ ಜಾಗ ಬದಲಾಯಿಸ್ತು, ಅಂದ್ರೆ ಕಳ್ಳ ಅವನೇ. ಕೋಡು ಮೂರರಲ್ಲೇ ನಿಂತಿದ್ರೆ ಪ್ಲಗ್ ಅದಲುಬದಲು, ಆಮೇಲೆ ಇಂಜೆಕ್ಟರ್, ಆಮೇಲೆ ಕಂಪ್ರೆಷನ್ ನೋಡ್ಬೇಕಿತ್ತು.

"ಸೆನ್ಸರ್ ಸರ್ಕ್ಯೂಟ್" ಅಂತ ಕೋಡ್ ಬಂದ್ರೆ ಮಾತ್ರ ಸೆನ್ಸರೇ ಹೋಗಿರುತ್ತಾ ಅಂತ ಇಲ್ಲೊಬ್ರು ಚೀಟಿ ಕಳಿಸಿದಾರೆ. ಸರ್ಕ್ಯೂಟ್ ಅಂದ್ರೆ ಸೆನ್ಸರು, ಅದಕ್ಕೆ ವೈರ್ ಸಿಕ್ಕಿಸೋ ಕಪ್ಲರು, ವೈರು, ಅರ್ತು, ಕಂಪ್ಯೂಟರ್ ತನಕ ಇಡೀ ದಾರಿ. ಪಿ0113 ಅಂತ ಒಂದಿದೆ, ಒಳಗೆ ಬರೋ ಗಾಳಿಯ ಬಿಸಿ ನೋಡೋ ಸೆನ್ಸರಿಂದು. ಲೈವ್ ಡೇಟಾ ನೋಡಿದ್ರೆ ಗಾಳಿ ಮೈನಸ್ 40 ಡಿಗ್ರಿ ಅಂತ ತೋರಿಸ್ತಿರುತ್ತೆ. ಶಿವಮೊಗ್ಗದಲ್ಲಿ, ಏಪ್ರಿಲ್ ತಿಂಗಳಲ್ಲಿ, ಮೈನಸ್ ನಲವತ್ತು! ವೈರ್ ಕಟ್ಟಾಗಿದ್ರೆ, ಇಲ್ಲ ಕಪ್ಲರೇ ಹಾಕದೆ ಇದ್ರೆ ಆ ತರ ತೋರಿಸುತ್ತೆ. "ಇತ್ತೀಚೆಗೆ ಏರ್ ಫಿಲ್ಟರ್ ಹಾಕಿಸಿದ್ರಾ" ಅಂತ ಕೇಳಿದ್ರೆ ಸಾಕು, "ಹೌದಲ್ಲ, ನಿಮಗೆ ಹೆಂಗೆ ಗೊತ್ತಾಯ್ತು" ಅಂತಾರೆ. ಫಿಲ್ಟರ್ ಹಾಕಿದೋನು ಕಪ್ಲರ್ ಸಿಕ್ಕಿಸೋದು ಮರೆತಿರ್ತಾನೆ. ನಾನು ಸ್ಕ್ಯಾನರ್ ತೆಗೆಯೋಕೆ ಮುಂಚೆ ಬಾಯಲ್ಲೇ ಅರ್ಧ ಡಯಾಗ್ನೋಸಿಸ್ ಮಾಡೋದು. ಲೈಟ್ ಬರೋ ಹಿಂದಿನ ದಿನ ಏನು ಮಾಡಿಸಿದ್ರಿ, ವಾಟರ್ ವಾಶಾ, ಬ್ಯಾಟರಿ ಬದಲಾಯಿಸಿದ್ರಾ, ಯಾವ ಬಂಕಲ್ಲಿ ಹಾಕಿಸಿದ್ರಿ. ವಾಟರ್ ವಾಶಲ್ಲಿ ಬಾನೆಟ್ ಎತ್ತಿ ಇಂಜಿನ್ ಮೇಲೆ ಪ್ರೆಶರಲ್ಲಿ ನೀರು ಹೊಡೀತಾರಲ್ಲ, ಅದು ಪ್ಲಗ್ ಗುಂಡಿಯಲ್ಲಿ ನಿಂತು ಮಾರನೇ ದಿನ ಮಿಸ್ಸಿಂಗ್. ಹಳಬರೇ, ಇಂಜಿನ್ ಫಳಫಳ ಹೊಳೀಬೇಕು ಅನ್ನೋ ಆಸೆ ಬಿಡಿ.

ಇನ್ನು ನಮ್ಮ ಮಲೆನಾಡಿನ ಸ್ಪೆಷಲ್, ಇಲಿ. ಮಳೆಗಾಲದಲ್ಲಿ ಬೆಚ್ಚಗಿರೋ ಜಾಗ ಅಂದ್ರೆ ಈಗ ತಾನೇ ನಿಲ್ಲಿಸಿದ ಗಾಡಿಯ ಬಾನೆಟ್. ಅಡಿಕೆ ಸಿಪ್ಪೆ, ತೆಂಗಿನ ನಾರು ತಂದು ಬ್ಯಾಟರಿ ಪಕ್ಕ ಸಂಸಾರನೇ ಹೂಡಿರ್ತವೆ. ಒಂದು ಇಂಜೆಕ್ಟರ್ ವೈರ್, ಒಂದು ಆಕ್ಸಿಜನ್ ಸೆನ್ಸರ್ ವೈರ್ ಕಡೀತವೆ, ಸಂಬಂಧನೇ ಇಲ್ಲದ ಐದಾರು ಕೋಡು ಒಟ್ಟಿಗೆ ಬರುತ್ತೆ. ಹಂಗೆ ಗುಂಪಾಗಿ ಕೋಡ್ ಬಂದ್ರೆ ಐದಾರು ಪಾರ್ಟು ಒಂದೇ ರಾತ್ರಿ ಹಾಳಾಗಿಲ್ಲ, ಎಲ್ಲಕ್ಕೂ ಕಾಮನ್ ಇರೋ ವೈರು, ಅರ್ತು, ಫ್ಯೂಸು, ಬ್ಯಾಟರಿ ಕಡೆ ಮೊದಲು ಹೋಗಿ. ಟಾರ್ಚ್ ಹಿಡಿದು ಹಿಕ್ಕೆ ಹುಡುಕಿ. ಸ್ಕ್ಯಾನರಿಗಿಂತ ಮುಂಚೆ ಹಿಕ್ಕೆ ಹೇಳುತ್ತೆ.

ಪಿ0128 ಬಗ್ಗೆ ಹೇಳಿದ್ರೆ ನಮ್ಮವರಿಗೇ ಬೇಜಾರಾಗುತ್ತೆ, ಆದ್ರೂ ಹೇಳ್ತೀನಿ. ಇಂಜಿನ್ ಎಷ್ಟೊತ್ತಿಗೆ ಬಿಸಿ ಆಗಬೇಕೋ ಅಷ್ಟೊತ್ತಿಗೆ ಆಗ್ತಿಲ್ಲ ಅಂತ ಅದರರ್ಥ. ನಮ್ಮ ಕಡೆ ಅದಕ್ಕೆ ಒಂದು ಕಾರಣ ಯಾವ ಕಂಪನಿ ಪುಸ್ತಕದಲ್ಲೂ ಇಲ್ಲದೇ ಇರೋದು, ಇಂಜಿನ್ ಬಿಸಿಯಾಗೋ ತನಕ ನೀರನ್ನ ರೇಡಿಯೇಟರಿಗೆ ಬಿಡದೆ ತಡೆಯೋ ಥರ್ಮೋಸ್ಟಾಟ್ ವಾಲ್ವ್ ಯಾರೋ ಕಿತ್ತು ಬಿಸಾಕಿರ್ತಾರೆ. "ನಮ್ಮ ಊರ ಸೆಕೆಗೆ ಅದು ಬೇಡ, ಇಂಜಿನ್ ಕೂಲಾಗಿರುತ್ತೆ" ಅಂತ ಹಳೇ ಕಾರ್ಬುರೇಟರ್ ಗಾಡಿಗೆ ನಮ್ಮ ಗುರುಗಳು ಮಾಡ್ತಿದ್ರು, ನಾನೂ ಮಾಡಿದೀನಿ. ಈಗಿನ ಗಾಡಿಯಲ್ಲಿ ಇಂಜಿನ್ ತಣ್ಣಗಿದೆ ಅಂತ ತಿಳಿದ್ರೆ ಕಂಪ್ಯೂಟರು ಪೆಟ್ರೋಲ್ ಹೆಚ್ಚಿಗೆನೇ ಕೊಡ್ತಾ ಇರುತ್ತೆ, ಮೈಲೇಜ್ ಹೋಗುತ್ತೆ, ಆಯಿಲ್ ಕೆಡುತ್ತೆ, ಲೈಟೂ ಬರುತ್ತೆ. ಸೆನ್ಸರ್ ಬದಲಾಯಿಸ್ತಾ ಕೂತ್ರೆ ಏನು ಪ್ರಯೋಜನ.

ಪಿ0420, ಕ್ಯಾಟ್‌ಕಾನ್ ಕೆಲಸ ಮಾಡ್ತಿಲ್ಲ ಅಂತ. ಇದರಲ್ಲಿ ದೊಡ್ಡ ಎಸ್ಟಿಮೇಟ್ ಬರುತ್ತೆ, ಜನ ಹೆದರ್ತಾರೆ. ಕ್ಯಾಟ್‌ಕಾನ್ ಮುಂದೆ ಒಂದು ಹಿಂದೆ ಒಂದು ಸೆನ್ಸರ್ ಇರುತ್ತೆ. ಮುಂದಿನದು ಹಳೇ ತರದ್ದಾದ್ರೆ 0.1 ರಿಂದ 0.9 ವೋಲ್ಟ್ ಮಧ್ಯೆ ತೊಟ್ಟಿಲ ತರ ತೂಗ್ತಿರಬೇಕು, ಹಿಂದಿನದು ಹೆಚ್ಚು ಕಮ್ಮಿ ಒಂದೇ ಕಡೆ ನಿಂತಿರಬೇಕು. ಹಿಂದಿನದೂ ಮುಂದಿನದರ ತರಾನೇ ತೂಗಿದ್ರೆ ಮಧ್ಯದ ಡಬ್ಬಿ ಏನೂ ಮಾಡ್ತಿಲ್ಲ ಅಂತ ಕಂಪ್ಯೂಟರ್ ಲೆಕ್ಕ. ಆದ್ರೆ ಹಿಂದಿನ ಸೆನ್ಸರ್ ಹತ್ರ ಫ್ಲಾಂಜ್ ಗ್ಯಾಸ್ಕೆಟ್ ಹೋಗಿ ಹೊರಗಿನ ಗಾಳಿ ಒಳಗೆ ಸೇರಿದ್ರೂ ಸುಳ್ಳು ಸಾಕ್ಷಿ ಸಿಗುತ್ತೆ, ಅದನ್ನ ಮೊದಲು ನೋಡಿ, ಜಾಯಿಂಟ್ ಹತ್ರ ಕರಿ ಮಸಿ ಕಟ್ಟಿರುತ್ತೆ. ನಿಜವಾಗಲೂ ಸತ್ತಿದ್ರೆ ಯಾಕೆ ಸತ್ತಿತು ಅಂತ ಕೇಳಿ. ಕ್ಯಾಟ್‌ಕಾನ್ ವಯಸ್ಸಾಗಿ ಸಾಯೋದಕ್ಕಿಂತ ಮಿಸ್ಸಿಂಗೋ ಆಯಿಲ್ ಕುಡಿಯೋ ಇಂಜಿನ್ನೋ ಅದನ್ನ ಕೊಂದಿರೋದೇ ಜಾಸ್ತಿ, ಕಾರಣ ಬಿಟ್ಟು ಹೊಸದು ಹಾಕಿದ್ರೆ ಅದನ್ನೂ ಕೊಲ್ಲುತ್ತೆ.

ಅಳಿಸೋ ವಿಷಯ. ಬಹಳಷ್ಟು ದೋಷಕ್ಕೆ ಒಂದು ಸಲ ಕಂಡ ತಕ್ಷಣ ಲೈಟ್ ಬರಲ್ಲ, ಪೆಂಡಿಂಗ್ ಅಂತ ಬರ್ಕೊಳ್ಳುತ್ತೆ, ಮುಂದಿನ ಓಡಾಟದಲ್ಲೂ ಕಂಡ್ರೆ ಆಗ ಲೈಟ್. ಸರಿಹೋದ್ರೆ ಸಾಮಾನ್ಯವಾಗಿ ಮೂರು ಒಳ್ಳೇ ಓಡಾಟ ಆದಮೇಲೆ ತಾನೇ ಆರುತ್ತೆ, ಕೋಡು ಮಾತ್ರ ಸುಮಾರು ನಲವತ್ತು ಸಲ ಇಂಜಿನ್ ಬಿಸಿಯಾಗಿ ತಣ್ಣಗಾಗೋ ತನಕ ನೆನಪಲ್ಲಿರುತ್ತೆ. ಹಂಗಾಗಿ "ನಿನ್ನೆ ಬಂದಿತ್ತು, ಇವತ್ತು ಹೋಗಿದೆ" ಅಂತ ಬಂದ್ರೂ ನಮಗೆ ಹೆಜ್ಜೆ ಗುರುತು ಸಿಗುತ್ತೆ, ಅಳಿಸದೇ ಇದ್ರೆ.

ಕೊನೆಗೆ ಜನ ಕೇಳಿದ ಪ್ರಶ್ನೆ ಒಂದಷ್ಟು, ನೆನಪಿದ್ದಷ್ಟು ಬರೀತೀನಿ.

ಒಬ್ಬ ಹುಡುಗ, ಆನ್‌ಲೈನಲ್ಲಿ ಸಿಗೋ ಬ್ಲೂಟೂತ್ ಅಡಾಪ್ಟರ್ ತಗೋಬಹುದಾ ಅಂತ. ತಗೋ, ಸ್ಟೀರಿಂಗ್ ಕೆಳಗೆ ಇರೋ ಆ 16 ಪಿನ್ ಸಾಕೆಟ್ಟಿಗೆ ಹಾಕಿ ಫೋನಲ್ಲಿ ಕೋಡ್ ಓದು, ಫ್ರೀಜ್ ಫ್ರೇಮಿನ ಸ್ಕ್ರೀನ್‌ಶಾಟ್ ತಗೊಂಡಿಟ್ಕೋ, ಮೆಕ್ಯಾನಿಕ್ ಹತ್ರ ಹೋಗೋಕೆ ಮುಂಚೆ ಅಷ್ಟು ಗೊತ್ತಿದ್ರೆ ನಿನ್ನ ಯಾಮಾರಿಸೋಕೆ ಕಷ್ಟ. ಆದ್ರೆ ಹಾಕಿ ವಾರಗಟ್ಟಲೆ ಬಿಡಬೇಡ, ಆ ಸಾಕೆಟ್ಟಿನ 16ನೇ ಪಿನ್ನಿಗೆ ಕೀ ತೆಗೆದ್ರೂ ಬ್ಯಾಟರಿ ಕರೆಂಟ್ ಬರ್ತಾನೇ ಇರುತ್ತೆ. ಏರ್‌ಬ್ಯಾಗ್, ಎಬಿಎಸ್ ಕೋಡು ಅದರಲ್ಲಿ ಸಾಮಾನ್ಯವಾಗಿ ಸಿಗಲ್ಲ.

ಇನ್ನೊಬ್ರ ಮಗ ಬೆಂಗಳೂರಲ್ಲಿ ಡೀಸೆಲ್ ಗಾಡಿ ಇಟ್ಟಿದಾನೆ, ಪದೇ ಪದೇ ಡಿಪಿಎಫ್ ಲೈಟ್ ಬರುತ್ತಂತೆ. ಅದು ಮಸಿ ಹಿಡಿಯೋ ಜಾಲರಿ, ಆ ಮಸಿ ಉರಿದು ಹೋಗೋಕೆ ಸುಮಾರು 600 ಡಿಗ್ರಿ ಬಿಸಿ ಬೇಕು, ಮನೆಯಿಂದ ಆಫೀಸಿಗೆ ಐದು ಕಿಲೋಮೀಟರು ಒಂದು ಗಂಟೆ ಟ್ರಾಫಿಕಲ್ಲಿ ಹೋದ್ರೆ ಅಷ್ಟು ಬಿಸಿ ಎಲ್ಲಿಂದ ಬರಬೇಕು. ಲೈಟ್ ಬಂದ ಶುರುವಲ್ಲೇ ತುಮಕೂರು ರೋಡಿಗೆ ಹಾಕಿ ಇಪ್ಪತ್ತು ಮೂವತ್ತು ನಿಮಿಷ ಒಂದೇ ಸಮ ಓಡಿಸಿಕೊಂಡು ಬರೋಕೆ ಹೇಳಿ, ಹಬ್ಬಕ್ಕೆ ಊರಿಗೆ ಬರೋಕೂ ಒಂದು ನೆಪ ಆಯ್ತು. ಪವರ್ ಕಮ್ಮಿಯಾಗಿ ಇಂಜಿನ್ ಲೈಟೂ ಸೇರ್ಕೊಂಡ್ರೆ ಮಾತ್ರ ಶೋರೂಮೇ ಗತಿ.

ಎಥನಾಲ್ ಪೆಟ್ರೋಲಿಂದ ಲೈಟ್ ಬರುತ್ತಾ ಅಂತ ಮೂರು ಜನ ಕೇಳಿದ್ರು. ಎಥನಾಲಲ್ಲಿ ಆಕ್ಸಿಜನ್ ಇರೋದ್ರಿಂದ ಅಷ್ಟೇ ಗಾಳಿಗೆ ಸ್ವಲ್ಪ ಹೆಚ್ಚು ಪೆಟ್ರೋಲ್ ಬಿಡಬೇಕಾಗುತ್ತೆ, ಟ್ರಿಮ್ ಒಂದಷ್ಟು ಮೇಲೆ ಹೋಗುತ್ತೆ. ಬರೀ ಅದಕ್ಕೇ ಲೈಟ್ ಬರೋದು ಕಷ್ಟ, ಆದ್ರೆ ಮೊದಲೇ ಹದಿನೈದು ಪರ್ಸೆಂಟಲ್ಲಿ ಸಂಭಾಳಿಸ್ತಿದ್ದ ಹಳೇ ಗಾಡಿಯನ್ನ ಅದು ಗಡಿ ದಾಟಿಸಬಹುದು.

ಕಡೆಗೆ ಹಿಂದಿನ ಸಾಲಲ್ಲಿ ಕೂತಿದ್ದ ಒಬ್ರು ಹಿರಿಯರು ಎದ್ದು, "ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡೆ, ಇಲ್ಲಿ ತನಕ ಒಂದು ದಿನನೂ ಲೈಟ್ ಬಂದಿಲ್ಲ, ಒಳ್ಳೇ ಗಾಡಿ ಸಿಕ್ತು" ಅಂದ್ರು. ಸಂತೋಷ ಸಾರ್, ಆದ್ರೆ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದಾಗ ಆ ಲೈಟ್ ಬರಲೇಬೇಕು, ಸ್ಟಾರ್ಟ್ ಆದಮೇಲೆ ಆರಬೇಕು, ಅದು ಬಲ್ಬ್ ಬದುಕಿದೆ ಅಂತ ಗಾಡಿನೇ ತೋರಿಸೋದು, ನಿಮ್ಮದರಲ್ಲಿ ಬರುತ್ತಾ ಅಂದೆ. ನೋಡಿಲ್ಲ ಅಂದ್ರು. ಬಲ್ಬ್ ಕಿತ್ತು ಮಾರೋರು ಇದಾರೆ, ಹಿಂದಿನ ದಿನ ಕೋಡ್ ಅಳಿಸಿ ಮಾರೋರೂ ಇದಾರೆ, ಅಳಿಸಿದ್ರೆ ಸ್ಕ್ಯಾನರಲ್ಲಿ ರೆಡಿನೆಸ್ ಅನ್ನೋ ಕಡೆ, ಅಂದ್ರೆ ಗಾಡಿ ತನ್ನನ್ನ ತಾನೇ ಟೆಸ್ಟ್ ಮಾಡ್ಕೊಂಡಿದೆಯಾ ಅನ್ನೋ ಪಟ್ಟಿಯಲ್ಲಿ, "ಇನ್ನೂ ಆಗಿಲ್ಲ" ಅಂತ ಸಾಲಾಗಿ ತೋರಿಸುತ್ತೆ ಅಂತ ನಾನು ಹೇಳ್ತಾ ಇರೋವಾಗಲೇ ಅವರು ಮೆಲ್ಲಗೆ ಎದ್ದು ಹೊರಗೆ ಹೋದ್ರು. ನಾವು ಟೀ ಕುಡಿಯೋ ಹೊತ್ತಿಗೆ ವಾಪಸ್ ಬಂದು ನನ್ನ ಪಕ್ಕ ನಿಂತ್ಕೊಂಡು, ಯಾರಿಗೂ ಕೇಳಿಸದ ಹಾಗೆ, "ಆಯಿಲ್ ಲೈಟ್ ಬರುತ್ತೆ, ಬ್ಯಾಟರಿ ಲೈಟ್ ಬರುತ್ತೆ, ಅದೊಂದು ಬರಲ್ಲಪ್ಪ" ಅಂದ್ರು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಗಾಡಿ ತಗೊಂಡು ಬನ್ನಿ ಅಂದಿದೀನಿ.